18 ಸಾವಿರ ಫೈಲು, ಒಂದು ಫಂಕ್ಷನ್: ರೀಫ್ಯಾಕ್ಟರಿಂಗ್ ಕೆಲಸದ ಲಾಗ್

ರೀಫ್ಯಾಕ್ಟರಿಂಗ್ ಅಂದ್ರೆ ಕೋಡ್ ಮಾಡುವ ಕೆಲಸ ಬದಲಿಸದೆ ಬರೆದ ರೀತಿ ಬದಲಿಸುವುದು. ಕೇಳಿದರೆ ಚಿಕ್ಕ ಕೆಲಸ. ಒಂದು ದೊಡ್ಡ ಪೈಥಾನ್ ಕೋಡ್‌ಬೇಸ್. ಅದರಲ್ಲಿ ‘ನೆಟ್’ ಎಂಬ ಮಾಡ್ಯೂಲ್, ಅದರೊಳಗೆ ‘ಫೆಚ್’ ಎಂಬ ಫಂಕ್ಷನ್. ಎಲ್ಲರೂ ಅದನ್ನು ಕರೆಯುವುದು ಹೀಗೆ: ಫೆಚ್(ಯುಆರ್‌ಎಲ್, 30, ಟ್ರೂ). ಆ 30 ಅಂದ್ರೆ ಟೈಮ್‌ಔಟ್. ಟ್ರೂ ಅಂದ್ರೆ ವಿಫಲವಾದರೆ ಮತ್ತೆ ಪ್ರಯತ್ನಿಸು ಅಂತ. ಓದುವವರಿಗೆ ಇದು ಹೊಳೆಯುವುದೇ ಇಲ್ಲ. ಈಗ ಇವೆರಡರ ಮಧ್ಯೆ ಹೊಸದೊಂದು ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಮೌಲ್ಯ) ಬರಬೇಕಿದೆ. ಹಾಗಾಗಿ ಮೊದಲು ಎಲ್ಲ ಕಡೆ ಹೆಸರು ಕೊಡಬೇಕು: ಫೆಚ್(ಯುಆರ್‌ಎಲ್, ಟೈಮ್‌ಔಟ್=30, ರೀಟ್ರೈ=ಟ್ರೂ).

ಫೈಲುಗಳು ಸುಮಾರು 18 ಸಾವಿರ. ಕೆಲಸಕ್ಕೆ ಸಿಕ್ಕಿದ್ದು 8 ಕೋರ್, 32 ಜಿಬಿ ಮೆಮೊರಿಯ ಒಂದು ಮೆಷಿನ್. ಕೆಳಗಿನ ಸಮಯಗಳೆಲ್ಲ ಅದರ ಮೇಲೆ ಅಳೆದದ್ದು.

1. ಸೆಡ್

ಎಲ್ಲರೂ ಮೊದಲು ಇದನ್ನೇ ಮಾಡುತ್ತಾರೆ, ನಾನೂ ಮಾಡಿದೆ. ರೆಗ್ಯುಲರ್ ಎಕ್ಸ್‌ಪ್ರೆಷನ್ (ಹುಡುಕಬೇಕಾದ ಅಕ್ಷರಗಳ ಮಾದರಿ) ಬರೆದು, ಸಾಲು ಸಾಲಾಗಿ ಪಠ್ಯ ಬದಲಿಸುವ ಸೆಡ್ ಓಡಿಸಿದರೆ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಫಲಿತಾಂಶ ಮಾತ್ರ ಹಾಳು. ಒಂದೇ ಕರೆ ನಾಲ್ಕು ಸಾಲಿಗೆ ಹರಡಿದ್ದರೆ ಸಿಗಲಿಲ್ಲ. ಮೊದಲ ಆರ್ಗ್ಯುಮೆಂಟ್ ಒಳಗೇ ಇನ್ನೊಂದು ಕರೆ ಇದ್ದು, ಅದರಲ್ಲಿ ಅಲ್ಪವಿರಾಮ ಬಂದರೆ ಲೆಕ್ಕ ತಪ್ಪಿತು. ಡೇಟಾಬೇಸ್ ಕರ್ಸರ್‌ಗೂ ‘ಫೆಚ್’ ಎಂಬ ಮೆಥಡ್ ಇದೆ, ಅದೂ ಬದಲಾಯಿತು. ಕಮೆಂಟ್‌ಗಳೊಳಗಿನ ಉದಾಹರಣೆಗಳೂ ಬದಲಾದವು. ಅದೊಂದು ಪರವಾಗಿಲ್ಲ ಅನ್ನಿ, ಅಲ್ವಾ? ಈ ಪ್ರಯೋಗಕ್ಕೆಂದು ಗಿಟ್‌ನಲ್ಲಿ ತೆಗೆದಿದ್ದ ಬ್ರಾಂಚ್ ಅಳಿಸಿದೆ.

2. ಸಿಂಟ್ಯಾಕ್ಸ್ ಟ್ರೀ, ನಿಧಾನವಾಗಿ

ಪೈಥಾನ್ ಜೊತೆಗೇ ಬರುವ ‘ಎಎಸ್‌ಟಿ’ ಮಾಡ್ಯೂಲ್ ಕೋಡನ್ನು ಚೆನ್ನಾಗಿ ಓದಿ ಸಿಂಟ್ಯಾಕ್ಸ್ ಟ್ರೀ, ಅಂದ್ರೆ ಅದರ ವ್ಯಾಕರಣ ರಚನೆಯ ಮರ, ಮಾಡಿಕೊಡುತ್ತದೆ. ಆದರೆ ಕಮೆಂಟು, ಖಾಲಿ ಜಾಗ, ಯಾವ ಉದ್ಧರಣ ಚಿಹ್ನೆ ಬಳಸಿದ್ದೀರಿ ಎಂಬುದನ್ನೆಲ್ಲ ಬಿಟ್ಟುಬಿಡುತ್ತದೆ. ಪೈಥಾನ್ 3.9ರಲ್ಲಿ ಬಂದ ‘ಅನ್‌ಪಾರ್ಸ್’ನಿಂದ ಮತ್ತೆ ಕೋಡ್ ಬರೆಸಿದರೆ ಫೈಲಿನ ರೂಪವೇ ಬೇರೆಯಾಗುತ್ತದೆ. ಇಂಥ ಕೆಲಸಕ್ಕೆ ಬಳಸುತ್ತಿದ್ದ ಹಳೆಯ ‘ಲಿಬ್2ಟು3’ ಪೈಥಾನ್ 3.13ರಿಂದ ಇಲ್ಲ. ಉಳಿದದ್ದು ಲಿಬ್‌ಸಿಎಸ್‌ಟಿ ಎಂಬ ಲೈಬ್ರರಿ. ಪಾರ್ಸ್ ಮಾಡಿ (ಕೋಡನ್ನು ಆ ಮರಕ್ಕೆ ತಿರುಗಿಸಿ) ಏನೂ ಮುಟ್ಟದೆ ವಾಪಸ್ ಬರೆದರೆ ಬೈಟಿಗೆ ಬೈಟ್ ಅದೇ ಫೈಲ್ ಬರುತ್ತದೆ, ನನಗೆ ಬೇಕಿದ್ದದ್ದೂ ಅದೇ. ಬೇರೆ ಭಾಷೆಗಳಲ್ಲೂ ಇಂಥವಿವೆ. ಜಾವಾಸ್ಕ್ರಿಪ್ಟ್‌ಗೆ ಜೆಎಸ್‌ಕೋಡ್‌ಶಿಫ್ಟ್, ಜಾವಾಗೆ ಓಪನ್‌ರೀರೈಟ್, ಲಿನಕ್ಸ್ ಕರ್ನಲ್‌ನ ಸಿ ಕೋಡಿಗೆ ಕಾಕ್ಸಿನೆಲ್. ಈ ಲಾಗ್‌ನ ಹೆಚ್ಚಿನ ಭಾಗ ಅಲ್ಲಿಗೂ ಹೊಂದುತ್ತದೆ.

ಸ್ಕ್ರಿಪ್ಟ್ ಬರೆದೆ. ಕರೆ ಸಿಕ್ಕಾಗ ಅದರ ಪೂರ್ಣ ಹೆಸರು ‘ನೆಟ್.ಫೆಚ್’ ಹೌದೋ ಅಲ್ಲವೋ ಎಂದು ಲಿಬ್‌ಸಿಎಸ್‌ಟಿಯ ಕ್ವಾಲಿಫೈಡ್ ನೇಮ್ ಪ್ರೊವೈಡರ್‌ನ ಹತ್ತಿರ ಕೇಳುವುದು, ಹೌದಾದರೆ ಎರಡನೇ ಮತ್ತು ಮೂರನೇ ಆರ್ಗ್ಯುಮೆಂಟ್‌ಗೆ ಹೆಸರು ಹಾಕುವುದು. ಬೇರೆ ಹೆಸರಿಟ್ಟು ಇಂಪೋರ್ಟ್ ಮಾಡಿಕೊಂಡಿದ್ದರೂ ಅದು ಗುರುತು ಹಿಡಿಯುತ್ತದೆ. ಕರ್ಸರ್‌ನ ‘ಫೆಚ್’ ತಂಟೆಗೆ ಹೋಗುವುದಿಲ್ಲ.

ಕೆಲಸ ಸರಿಯಾಗಿ ಆಯಿತು. ಹಿಡಿದ ಸಮಯ: ಒಂದೂವರೆ ಗಂಟೆಯ ಹತ್ತಿರ.

ಒಂದೇ ಸಲ ಓಡಿಸುವುದಾದರೆ ಒಂದೂವರೆ ಗಂಟೆ ಏನೂ ಅಲ್ಲ. ಆದರೆ ಇಂಥ ಸ್ಕ್ರಿಪ್ಟನ್ನು ಯಾರೂ ಒಂದೇ ಸಲ ಓಡಿಸುವುದಿಲ್ಲ. ಓಡಿಸಿ, ಡಿಫ್ (ಬದಲಾದ ಸಾಲುಗಳ ಪಟ್ಟಿ) ನೋಡಿ, ಒಂದು ವಿಚಿತ್ರ ಕಂಡು, ಸರಿಮಾಡಿ, ಮತ್ತೆ ಓಡಿಸಬೇಕು. ಅಷ್ಟರಲ್ಲಿ ಎಲ್ಲರ ಕೆಲಸ ಸೇರುವ ಮೇನ್ ಬ್ರಾಂಚ್ ಮುಂದೆ ಹೋಗಿರುತ್ತದೆ. ಪ್ರತಿ ಸುತ್ತಿಗೂ ಒಂದೂವರೆ ಗಂಟೆ ಅಂದ್ರೆ ವಿಚಿತ್ರ ಕಂಡರೂ ‘ಇರಲಿ ಬಿಡು’ ಅನ್ನಿಸಲು ಶುರುವಾಗುತ್ತದೆ. ಅಪಾಯ ಅಲ್ಲಿದೆ.

3. ಜರಡಿ

ಪ್ರೊಫೈಲರ್ ಹಾಕಿ ನೋಡಿದೆ. ಸಮಯ ಹೋಗುತ್ತಿದ್ದದ್ದು ಪಾರ್ಸಿಂಗ್‌ಗೆ ಮತ್ತು ಸ್ಕೋಪ್ ಲೆಕ್ಕಕ್ಕೆ, ಅಂದ್ರೆ ಯಾವ ಹೆಸರು ಯಾವುದನ್ನು ಸೂಚಿಸುತ್ತದೆ ಎಂದು ಕಂಡುಹಿಡಿಯುವುದಕ್ಕೆ. ಅದೂ ‘ಫೆಚ್’ ಎಂಬ ಪದವೇ ಇಲ್ಲದ ಫೈಲುಗಳ ಮೇಲೆ! ಪಾರ್ಸರನ್ನು ವೇಗ ಮಾಡುವ ಬದಲು ಪಾರ್ಸರ್ ಹತ್ತಿರ ಹೋಗುವ ಫೈಲುಗಳನ್ನೇ ಕಡಿಮೆ ಮಾಡಿದೆ. ಮೂರು ಜರಡಿ.

ಮೊದಲನೆಯದು ಗಿಟ್ ಗ್ರೆಪ್, ಫೈಲುಗಳಲ್ಲಿ ಪದ ಹುಡುಕುವ ಕಮಾಂಡ್. ಪೂರ್ತಿ ಪದವಾಗಿ ‘ಫೆಚ್’ ಇರುವ ಫೈಲುಗಳನ್ನು ಹುಡುಕಿದರೆ ಸುಮಾರು 2,600 ಬಂದವು. ಕರ್ಸರ್‌ನವು ಅದರಲ್ಲೇ ಜಾಸ್ತಿ. ‘ನೆಟ್’ ಎಂಬ ಪದವೂ ಇರಬೇಕು ಎಂದು ಆಲ್-ಮ್ಯಾಚ್ ಆಯ್ಕೆ ಹಾಕಿದಾಗ 1,100ಕ್ಕೆ ಇಳಿಯಿತು. ಇಷ್ಟಕ್ಕೆ ಹಿಡಿದದ್ದು ಒಂದು ಸೆಕೆಂಡು.

ಆದರೆ ಈ ಜರಡಿಯಲ್ಲಿ ದೊಡ್ಡ ತೂತೊಂದು ಇತ್ತು. ‘ಕಾಮನ್’ ಎಂಬ ಪ್ಯಾಕೇಜಿನ ಇನಿಟ್ ಫೈಲಿನಲ್ಲಿ ಯಾರೋ ‘ಫೆಚ್’ ಅನ್ನು ಇಂಪೋರ್ಟ್ ಮಾಡಿ ‘ಗೆಟ್_ಪೇಜ್’ ಎಂದು ಹೆಸರಿಟ್ಟಿದ್ದರು. ಉಳಿದವರು ‘ಕಾಮನ್’ನಿಂದ ‘ಗೆಟ್_ಪೇಜ್’ ತಗೊಂಡು ಬಳಸುತ್ತಿದ್ದರು. ಆ ಫೈಲುಗಳಲ್ಲಿ ‘ನೆಟ್’ ಎಂಬ ಪದವೂ ಇಲ್ಲ, ‘ಫೆಚ್’ ಎಂಬ ಪದವೂ ಇಲ್ಲ. ಕ್ವಾಲಿಫೈಡ್ ನೇಮ್ ಪ್ರೊವೈಡರ್‌ಗೂ ಇದು ಗೊತ್ತಾಗುವುದಿಲ್ಲ. ಅದು ನೋಡುವುದು ಒಂದು ಫೈಲಿನ ಒಳಗೆ ಮಾತ್ರ, ‘ಕಾಮನ್.ಗೆಟ್_ಪೇಜ್’ ಎಂದಷ್ಟೇ ಹೇಳಿ ನಿಲ್ಲುತ್ತದೆ. ಅಂದ್ರೆ 18 ಸಾವಿರ ಫೈಲನ್ನೂ ನಿಧಾನವಾಗಿ ಓದಿದ ಹಂತ 2ರ ಓಟ ಕೂಡ ಇವನ್ನು ಬಿಟ್ಟೇ ಹೋಗಿತ್ತು. ಜರಡಿ ಮಾಡುವಾಗ ಕಣ್ಣಿಗೆ ಬಿತ್ತು, ಅಷ್ಟೇ.

ಪರಿಹಾರ ಹೀಗೆ. ಒಂದು ಪಟ್ಟಿ ಇಟ್ಟುಕೊಳ್ಳಿ, ಮೊದಲಿಗೆ ಅದರಲ್ಲಿ ‘ನೆಟ್.ಫೆಚ್’ ಒಂದೇ. ಪಟ್ಟಿಯಲ್ಲಿರುವ ಹೆಸರನ್ನು ಯಾವ ಮಾಡ್ಯೂಲ್ ಇಂಪೋರ್ಟ್ ಮಾಡಿಕೊಂಡಿದೆ ನೋಡಿ, ಆ ಮಾಡ್ಯೂಲಿನ ಹೆಸರಿನೊಂದಿಗೆ ಪಟ್ಟಿಗೆ ಸೇರಿಸಿ. ಪಟ್ಟಿ ಬೆಳೆಯುವುದು ನಿಲ್ಲುವವರೆಗೆ ಇದೇ. ಪ್ರತಿ ಸುತ್ತಿನಲ್ಲೂ ಹೊಸ ಹೆಸರಿಗೆ ಮಾತ್ರ ಗ್ರೆಪ್ ಮಾಡಿದರೆ ಸಾಕು. ಇಲ್ಲಿ ಬರೀ ಇಂಪೋರ್ಟ್ ಸಾಲುಗಳನ್ನು ಓದುವುದು, ಏನೂ ಬರೆಯುವುದಿಲ್ಲ. ಹಾಗಾಗಿ ಲಿಬ್‌ಸಿಎಸ್‌ಟಿ ಬೇಡ, ಎಎಸ್‌ಟಿ ಮಾಡ್ಯೂಲ್ ಸಾಕು, ಅದು ತುಂಬಾ ವೇಗ. ಇದೇ ಪಟ್ಟಿ ಗ್ರೆಪ್‌ಗೂ ಹೋಗುತ್ತದೆ, ಬದಲಿಸುವ ಸ್ಕ್ರಿಪ್ಟ್‌ಗೂ ಹೋಗುತ್ತದೆ. ‘ನೆಟ್’ ಪ್ಯಾಕೇಜಿನ ಒಳಗಿನ ಫೈಲುಗಳು ಚುಕ್ಕಿ ಹಾಕಿ ಇಂಪೋರ್ಟ್ ಮಾಡುವುದರಿಂದ ಅವುಗಳಲ್ಲಿ ‘ನೆಟ್’ ಪದ ಇರುವುದಿಲ್ಲ. ಆ ಡೈರೆಕ್ಟರಿಯನ್ನು ಕಣ್ಣುಮುಚ್ಚಿ ಒಳಗೆ ಸೇರಿಸಿದೆ.

ಎರಡನೇ ಜರಡಿಯೂ ಎಎಸ್‌ಟಿ: ಈ ಫೈಲಿನಲ್ಲಿ ಆ ಹೆಸರಿನ ಕರೆಗೆ ಹೆಸರಿಲ್ಲದ ಆರ್ಗ್ಯುಮೆಂಟ್ ಎರಡಾದರೂ ಇವೆಯಾ? ಬಹಳಷ್ಟು ಕಡೆ ಬರೀ ಯುಆರ್‌ಎಲ್ ಕೊಟ್ಟಿದ್ದರು, ಅಲ್ಲಿ ಬದಲಿಸಲು ಏನೂ ಇಲ್ಲ.

ಮೂರನೆಯದು ಜನರೇಟ್ ಆದ, ಅಂದ್ರೆ ಇನ್ನೊಂದು ಪ್ರೋಗ್ರಾಮೇ ಬರೆದ, ಫೈಲುಗಳನ್ನು ಬಿಟ್ಟುಬಿಡುವುದು. ಅವನ್ನು ಬದಲಿಸಿ ಪ್ರಯೋಜನವಿಲ್ಲ, ಮುಂದಿನ ಬಿಲ್ಡ್‌ನಲ್ಲಿ ಹಳೆಯದೇ ವಾಪಸ್ ಬರುತ್ತದೆ. ಜನರೇಟರಿನ ಟೆಂಪ್ಲೇಟನ್ನೇ ಕೈಯಿಂದ ತಿದ್ದಿದೆ. ಮೂರೂ ಜರಡಿ ದಾಟಿ ಉಳಿದದ್ದು 640 ಫೈಲು.

ಒಂದೂವರೆ ಗಂಟೆ ಈಗ ಸುಮಾರು ನಾಲ್ಕು ನಿಮಿಷ. ಇನ್ನೂ ಒಂದೇ ಪ್ರೊಸೆಸ್.

4. ಸಣ್ಣಪುಟ್ಟ ಉಳಿತಾಯ

ಲಿಬ್‌ಸಿಎಸ್‌ಟಿಯ ಮೆಟಾಡೇಟಾ ರ‍್ಯಾಪರ್ ಸುಮ್ನೆ ಇಡೀ ಟ್ರೀಯನ್ನು ಒಮ್ಮೆ ನಕಲು ಮಾಡುತ್ತದೆ. ಒಂದೇ ನೋಡ್ ಎರಡು ಕಡೆ ಇದ್ದರೆ ಲೆಕ್ಕ ಕೆಡುತ್ತದೆ ಎಂಬ ಭಯಕ್ಕೆ. ಪಾರ್ಸರ್‌ನಿಂದ ಈಗಷ್ಟೇ ಬಂದ ಟ್ರೀಯಲ್ಲಿ ಆ ಸಮಸ್ಯೆ ಇರುವುದಿಲ್ಲ, ‘ಅನ್‌ಸೇಫ್ ಸ್ಕಿಪ್ ಕಾಪಿ’ ಹಾಕಬಹುದು. ಲಾಭ ಇದೆ, ಆದರೆ ಸಣ್ಣದು. ಒಂದೇ ಟ್ರೀ ಮೇಲೆ ಎರಡನೇ ಬದಲಾವಣೆ ಓಡಿಸುವುದಿದ್ದರೆ ಇದನ್ನು ಹಾಕಬೇಡಿ.

5. ಎಂಟು ಪ್ರೊಸೆಸ್

ಪೈಥಾನ್‌ನ ಮಲ್ಟಿಪ್ರೊಸೆಸಿಂಗ್ ಪೂಲ್, ಕೆಲಸವನ್ನು ಹಲವು ಪ್ರೊಸೆಸ್‌ಗಳಿಗೆ ಹಂಚುವುದು. ಥ್ರೆಡ್ ಹಾಕಿದರೆ ಸಾಮಾನ್ಯ ಪೈಥಾನ್‌ನಲ್ಲಿ ಒಮ್ಮೆಗೆ ಒಂದೇ ಥ್ರೆಡ್ ಓಡಲು ಬಿಡುವ ಜಿಐಎಲ್ ಲಾಕ್ ಅಡ್ಡ ಬರುತ್ತದೆ, ಈ ಕೆಲಸಕ್ಕೆ ಪ್ರೊಸೆಸ್ಸೇ ಬೇಕು.

ಮೊದಲ ಓಟದಲ್ಲಿ ಎಂಟು ಕೋರ್ ಇದ್ದರೂ ಎಂಟು ಪಟ್ಟಿನ ಹತ್ತಿರವೂ ಹೋಗಲಿಲ್ಲ. ಕಾರಣ ಎರಡು. ಒಂದು, ಪ್ರತಿ ಪ್ರೊಸೆಸ್ ಬದಲಾದ ಟ್ರೀಯನ್ನೇ ಮುಖ್ಯ ಪ್ರೊಸೆಸ್‌ಗೆ ಕಳಿಸುತ್ತಿತ್ತು. ಅದನ್ನು ಪಿಕಲ್ ಮಾಡಿ (ಕಳಿಸಲು ಬೈಟ್‌ಗಳಾಗಿ ಕಟ್ಟಿ) ಬಿಚ್ಚುವುದಕ್ಕೇ ಸಮಯ ಹೋಗುತ್ತಿತ್ತು. ಬರೀ ಹೊಸ ಬೈಟ್‌ಗಳನ್ನು ಕಳಿಸುವಂತೆ ಮಾಡಿದೆ. ಎರಡು, ಪಟ್ಟಿಯ ಕೊನೆಯಲ್ಲಿ ಒಂದು ಭಾರಿ ಟೆಸ್ಟ್ ಫೈಲ್ ಇತ್ತು. ಏಳು ಕೋರ್ ಕೆಲಸ ಮುಗಿಸಿ ಕೂತಿದ್ದರೆ ಎಂಟನೆಯದು ಅದೊಂದನ್ನೇ ಅಗಿಯುತ್ತಿತ್ತು. ಫೈಲುಗಳನ್ನು ಗಾತ್ರದ ಪ್ರಕಾರ ಜೋಡಿಸಿ, ದೊಡ್ಡದನ್ನು ಮೊದಲು ಕೊಟ್ಟು, ಚಂಕ್ ಸೈಜ್ (ಒಮ್ಮೆಗೆ ಕೊಡುವ ಫೈಲುಗಳ ಸಂಖ್ಯೆ) ಒಂದಕ್ಕೆ ಇಳಿಸಿದೆ. 40 ಸೆಕೆಂಡು.

ಮೆಮೊರಿ ನಿಧಾನಕ್ಕೆ ಏರುತ್ತಿತ್ತು. ‘ಮ್ಯಾಕ್ಸ್ ಟಾಸ್ಕ್ಸ್ ಪರ್ ಚೈಲ್ಡ್’ ಎಂಬ ಮಿತಿ ಹಾಕಿದೆ, ಅಷ್ಟು ಫೈಲು ಆದ ಮೇಲೆ ಹಳೆಯ ಪ್ರೊಸೆಸ್ ಸತ್ತು ಹೊಸದು ಬರುತ್ತದೆ. ಏಕೆ ಏರುತ್ತಿತ್ತು ಎಂದು ಬೆನ್ನು ಹತ್ತಿ ಹೋಗಲಿಲ್ಲ.

6. ಕ್ಯಾಶ್

ಫೈಲ್ ಬದಲಾಗಿಲ್ಲ, ಸ್ಕ್ರಿಪ್ಟೂ ಬದಲಾಗಿಲ್ಲ ಅಂದ್ರೆ ಉತ್ತರವೂ ಬದಲಾಗುವುದಿಲ್ಲ. ಹಳೆಯ ಉತ್ತರವನ್ನು ಎತ್ತಿಟ್ಟು ಮತ್ತೆ ಬಳಸುವುದೇ ಕ್ಯಾಶ್. ಫೈಲಿನ ಹ್ಯಾಶ್ (ಒಳಗಿರುವುದರ ಬೆರಳಚ್ಚಿನಂಥ ಗುರುತು) ಲೆಕ್ಕ ಹಾಕಲು ಫೈಲನ್ನು ಓದುವುದೂ ಬೇಡ. ‘ಗಿಟ್ ಎಲ್‌ಎಸ್-ಫೈಲ್ಸ್’ಗೆ ‘ಎಸ್’ ಆಯ್ಕೆ ಕೊಟ್ಟರೆ ಪ್ರತಿ ಫೈಲಿನ ಬ್ಲಾಬ್ ಹ್ಯಾಶ್ ಪುಕ್ಕಟೆ ಸಿಗುತ್ತದೆ. ಆದರೆ ಅದು ಇಂಡೆಕ್ಸ್‌ನಲ್ಲಿ, ಅಂದ್ರೆ ಗಿಟ್‌ಗೆ ಕೊನೆಗೆ ಆ್ಯಡ್ ಮಾಡಿದ ಪ್ರತಿಯಲ್ಲಿ, ಇರುವುದರ ಹ್ಯಾಶ್. ಡಿಸ್ಕಿನಲ್ಲಿ ಆ್ಯಡ್ ಮಾಡದ ಬದಲಾವಣೆ ಇದ್ದರೆ ಸುಳ್ಳು ಹೇಳುತ್ತದೆ. ಆದ್ದರಿಂದ ವರ್ಕಿಂಗ್ ಟ್ರೀ ಸ್ವಚ್ಛವಾಗಿಲ್ಲದಿದ್ದರೆ ಸ್ಕ್ರಿಪ್ಟ್ ಶುರುವೇ ಆಗುವುದಿಲ್ಲ.

ಕ್ಯಾಶ್‌ನಲ್ಲಿ ಉತ್ತರ ಹುಡುಕುವ ಕೀಲಿಯಲ್ಲಿ ಮೊದಲು ಇದ್ದದ್ದು ಬ್ಲಾಬ್ ಹ್ಯಾಶ್, ಸ್ಕ್ರಿಪ್ಟಿನ ಹ್ಯಾಶ್, ಲಿಬ್‌ಸಿಎಸ್‌ಟಿ ಆವೃತ್ತಿ. ಹಂತ 3ರ ಹೆಸರುಗಳ ಪಟ್ಟಿ ಇರಲಿಲ್ಲ. ಯಾರೋ ಹೊಸದಾಗಿ ಇನ್ನೊಂದು ಮಾಡ್ಯೂಲ್ ಮೂಲಕ ‘ಫೆಚ್’ ಕೊಟ್ಟಾಗ ಪಟ್ಟಿ ಬೆಳೆಯಿತು, ಕ್ಯಾಶ್ ಮಾತ್ರ ‘ಇಲ್ಲಿ ಏನೂ ಕೆಲಸವಿಲ್ಲ’ ಎಂಬ ಹಳೆಯ ಉತ್ತರವನ್ನೇ ಕೊಡುತ್ತಾ ಇತ್ತು. ಈಗ ಪಟ್ಟಿಯ ಹ್ಯಾಶೂ ಕೀಲಿಯಲ್ಲಿದೆ. ‘ಏನೂ ಇಲ್ಲ’ ಎಂಬ ಉತ್ತರವನ್ನೂ ಕ್ಯಾಶ್ ಮಾಡಲೇಬೇಕು, ಅದೇ ಜಾಸ್ತಿ ಇರುವುದು. ಆದರೆ ಕೀಲಿ ತಪ್ಪಿದಾಗ ಗೊತ್ತಾಗದಂತೆ ಹಾಳು ಮಾಡುವುದೂ ಅದೇ.

ಎರಡನೇ ಓಟ: ಮೂರು ಸೆಕೆಂಡು.

7. ಡಿಫ್ ಓದಿದಾಗ ಸಿಕ್ಕಿದ್ದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹೋದದ್ದು ಇಲ್ಲಿ, ಓಟ ವೇಗವಾದದ್ದಕ್ಕೇ ಇಷ್ಟು ಸಿಕ್ಕವು.

ಕೆಲವು ಫೈಲುಗಳಲ್ಲಿ ಒಂದು ಸಾಲು ಬದಲಾಗಬೇಕಿತ್ತು, ಡಿಫ್ ಇಡೀ ಫೈಲನ್ನೇ ತೋರಿಸಿತು. ಅವುಗಳಲ್ಲಿ ಸಾಲಿನ ಕೊನೆ ವಿಂಡೋಸ್ ಶೈಲಿಯದು. ಪೈಥಾನ್ ಟೆಕ್ಸ್ಟ್ ಮೋಡ್‌ನಲ್ಲಿ ಓದುವಾಗ ಅದನ್ನು ಸುಮ್ಮನೆ ಬದಲಿಸಿಬಿಡುತ್ತದೆ. ಫೈಲನ್ನು ಬೈಟ್ಸ್ ಆಗಿಯೇ ಓದಿ, ಬೈಟ್ಸ್ ಅನ್ನೇ ಪಾರ್ಸರಿಗೆ ಕೊಟ್ಟು, ಕೊನೆಗೆ ಮಾಡ್ಯೂಲಿನ ‘ಬೈಟ್ಸ್’ ಪ್ರಾಪರ್ಟಿಯಿಂದ ಬರೆದರೆ ಇದೂ ಸರಿ, ಎನ್‌ಕೋಡಿಂಗೂ ಸರಿ.

ಫೆಚ್(*ಪಾರ್ಟ್ಸ್) ಎಂದು ನಕ್ಷತ್ರ ಹಾಕಿ, ಒಂದು ಪಟ್ಟಿಯನ್ನೇ ಬಿಚ್ಚಿಕೊಟ್ಟು ಕರೆದಿರುವ ಕಡೆ ಯಾವ ಆರ್ಗ್ಯುಮೆಂಟ್ ಎಲ್ಲಿ ಬರುತ್ತದೆ ಎಂದು ಕೋಡ್ ನೋಡಿ ಹೇಳಲಾಗದು. ಸ್ಕ್ರಿಪ್ಟ್ ಅದನ್ನು ಮುಟ್ಟುವುದಿಲ್ಲ, ಫೈಲು ಮತ್ತು ಸಾಲಿನ ಸಂಖ್ಯೆಯನ್ನು ಒಂದು ವರದಿಗೆ ಬರೆಯುತ್ತದೆ. ಕೆಲವು ಆರ್ಗ್ಯುಮೆಂಟ್ ಮೊದಲೇ ತುಂಬಿಡುವ ‘ಪಾರ್ಷಿಯಲ್’ ಒಳಗೆ ಕೊಟ್ಟಿದ್ದೂ ಅಷ್ಟೇ. ಊಹೆ ಮಾಡಿ ಬದಲಿಸುವ ಸ್ಕ್ರಿಪ್ಟಿಗಿಂತ ಬಿಟ್ಟು ವರದಿ ಕೊಡುವ ಸ್ಕ್ರಿಪ್ಟ್ ನನಗೆ ಇಷ್ಟ.

ಟೆಸ್ಟುಗಳು ಬಿದ್ದವು, ಅದೂ ರಾಶಿಗಟ್ಟಲೆ. ಟೆಸ್ಟ್ ಬರೆದವರು ‘ಫೆಚ್’ ಜಾಗದಲ್ಲಿ ತಮ್ಮದೇ ನಕಲಿ ಫಂಕ್ಷನ್ ಇಟ್ಟಿದ್ದರು. ಅದರ ಪ್ಯಾರಾಮೀಟರ್‌ಗಳ ಹೆಸರು ಯು, ಟಿ, ಆರ್! ಹೆಸರಿಲ್ಲದೆ ಕರೆಯುವವರೆಗೆ ನಡೆಯಿತು. ‘ಟೈಮ್‌ಔಟ್=30’ ಎಂದು ಕರೆದ ಕೂಡಲೇ ಟೈಪ್‌ಎರರ್. ಇನ್ನು ಕೆಲವು ಕಡೆ ಸಾದಾ ಮಾಕ್ (ತನ್ನನ್ನು ಹೇಗೆ ಕರೆದರು ಎಂದು ನೆನಪಿಡುವ ಅಣಕು ವಸ್ತು) ಇಟ್ಟು, ಅದನ್ನು ಯುಆರ್‌ಎಲ್, 30, ಟ್ರೂ ಎಂದೇ ಕರೆಯಲಾಯಿತಾ ಎಂದು ಪರೀಕ್ಷಿಸುತ್ತಿದ್ದರು. ಸಾದಾ ಮಾಕ್‌ಗೆ ಹೆಸರಿಟ್ಟ ಕರೆ ಬೇರೆ, ಹೆಸರಿಲ್ಲದ ಕರೆ ಬೇರೆ. ಆಟೋಸ್ಪೆಕ್ ಹಾಕಿದ್ದ ಟೆಸ್ಟುಗಳು ಮಾತ್ರ ಬೀಳಲಿಲ್ಲ, ಅದಕ್ಕೆ ನಿಜವಾದ ಫಂಕ್ಷನ್ನಿನ ಸಿಗ್ನೇಚರ್ (ಪ್ಯಾರಾಮೀಟರ್‌ಗಳ ಪಟ್ಟಿ) ಗೊತ್ತಿರುತ್ತದೆ. ನಕಲಿ ಫಂಕ್ಷನ್‌ಗಳಿಗೆ ಇನ್ನೊಂದು ಚಿಕ್ಕ ಸ್ಕ್ರಿಪ್ಟ್ ಬರೆದೆ, ಮಾಕ್‌ಗಳನ್ನು ಆಟೋಸ್ಪೆಕ್‌ಗೆ ತಿರುಗಿಸಿದೆ. ಇವೆರಡನ್ನೂ ಮುಖ್ಯ ಬದಲಾವಣೆಗಿಂತ ಮೊದಲೇ ಬೇರೆಯಾಗಿ ಮೇನ್‌ಗೆ ಮರ್ಜ್ ಮಾಡಬೇಕು (ಸೇರಿಸಬೇಕು). ಜೊತೆಗೆ ಕಳಿಸಿದರೆ ಯಾವುದು ಯಾಕೆ ಬಿತ್ತು ಎಂದು ಹೇಳುವುದು ಕಷ್ಟ.

ಕೊನೆಗೆ ಒಂದು ಖಾಯಂ ಪರೀಕ್ಷೆ: ಸ್ಕ್ರಿಪ್ಟನ್ನು ಎರಡು ಸಲ ಓಡಿಸಿದರೆ ಎರಡನೇ ಸಲ ಡಿಫ್ ಖಾಲಿ ಇರಬೇಕು. ಇಲ್ಲವಾದರೆ ಎಲ್ಲೋ ತಪ್ಪಿದೆ.

ಕೋಡಿನ ಸಾಲುಗಳನ್ನು ಒಪ್ಪವಾಗಿ ಜೋಡಿಸುವ ಫಾರ್ಮ್ಯಾಟರನ್ನು ಈ ಕಮಿಟ್‌ನಲ್ಲಿ ಓಡಿಸಲಿಲ್ಲ. ಉದ್ದವಾದ ಸಾಲುಗಳಿಗೆ ಬೇರೆ ಕಮಿಟ್ ಮಾಡಿ, ಅದರ ಹ್ಯಾಶನ್ನು ಬ್ಲೇಮ್‌ನಲ್ಲಿ (ಯಾವ ಸಾಲನ್ನು ಯಾರು ಬದಲಿಸಿದರು ಎಂದು ತೋರಿಸುವ ಗಿಟ್ ಕಮಾಂಡ್) ಬಿಟ್ಟುಬಿಡಬೇಕಾದ ಪಟ್ಟಿಗೆ ಸೇರಿಸಿದೆ. ಈ ಸೌಲಭ್ಯ ಗಿಟ್ 2.23ರಲ್ಲಿ, ಅಂದರೆ 2019ರಲ್ಲಿ ಬಂದದ್ದು. ಇನ್ನೂ ಬಳಸದ ತಂಡಗಳು ಬಹಳ ಇವೆ.

8. ಪ್ಯಾಚನ್ನು ಕಾಪಾಡುವುದು ಬಿಟ್ಟೆ

640 ಫೈಲನ್ನು ಒಂದೇ ಪುಲ್ ರಿಕ್ವೆಸ್ಟ್ (ಓದಿ ಮೇನ್‌ಗೆ ಸೇರಿಸಿ ಎಂಬ ಕೋರಿಕೆ) ಮಾಡಿ ಕಳಿಸಿದ್ದೆ. ಯಾರೂ ಪೂರ್ತಿ ಓದಲಿಲ್ಲ, ಓದುವುದಾದರೂ ಹೇಗೆ? ಅಷ್ಟರಲ್ಲಿ ಮೇನ್ ಮುಂದೆ ಹೋಗಿ ಕಾನ್‌ಫ್ಲಿಕ್ಟ್, ಅಂದ್ರೆ ಒಂದೇ ಜಾಗಕ್ಕೆ ಎರಡು ಬೇರೆ ಬದಲಾವಣೆ, ಶುರು. ರಿಬೇಸ್ ಮಾಡುತ್ತಾ (ನನ್ನ ಬದಲಾವಣೆಯನ್ನು ಹೊಸ ಮೇನ್ ಮೇಲೆ ಮತ್ತೆ ಕೂರಿಸುತ್ತಾ) ಕೂತರೆ ಕೈಯಿಂದ ಬಿಡಿಸಿದ ಪ್ರತಿ ಕಾನ್‌ಫ್ಲಿಕ್ಟೂ ಹೊಸ ತಪ್ಪಿಗೆ ದಾರಿ.

ಮೂರು ಸೆಕೆಂಡಿನ ಓಟ ನಿಜವಾಗಿ ಉಪಯೋಗಕ್ಕೆ ಬಂದದ್ದು ಆಗ. ರಿಬೇಸ್ ಮಾಡುವುದೇ ಬೇಡ. ಬ್ರಾಂಚನ್ನು ಮೇನ್‌ಗೆ ರಿಸೆಟ್ ಮಾಡಿ, ಸ್ಕ್ರಿಪ್ಟ್ ಓಡಿಸಿ, ಸರ್ವರಿನಲ್ಲಿರುವ ಹಳೆಯದರ ಮೇಲೆ ಫೋರ್ಸ್ ಪುಶ್. ಕಾನ್‌ಫ್ಲಿಕ್ಟ್ ಹುಟ್ಟುವುದೇ ಇಲ್ಲ. ಕಾಪಾಡಬೇಕಾದದ್ದು ಸ್ಕ್ರಿಪ್ಟ್, ಪ್ಯಾಚ್, ಅಂದ್ರೆ ಅದರಿಂದ ಬರುವ ಬದಲಾವಣೆ, ಯಾವಾಗ ಬೇಕಾದರೂ ಸಿಗುತ್ತದೆ. ಒಂದೂವರೆ ಗಂಟೆಯ ಓಟ ಇದ್ದಿದ್ದರೆ ಈ ಯೋಚನೆಯೇ ಬರುತ್ತಿರಲಿಲ್ಲ.

ಪುಲ್ ರಿಕ್ವೆಸ್ಟುಗಳನ್ನು ಡೈರೆಕ್ಟರಿಯ ಮಾಲೀಕರ ಪ್ರಕಾರ ಒಡೆದೆ, ಒಂದೊಂದರಲ್ಲಿ 30 ಫೈಲಿಗಿಂತ ಕಡಿಮೆ. ಗೂಗಲ್‌ನವರ ಒಳಗಿನ ‘ರೋಸಿ’ ಎಂಬ ಸಾಧನ ಮಾಡುವುದೂ ಹೆಚ್ಚು ಕಡಿಮೆ ಇದನ್ನೇ. ದೊಡ್ಡ ಬದಲಾವಣೆಯನ್ನು ತುಂಡು ಮಾಡಿ, ಟೆಸ್ಟ್ ಮಾಡಿಸಿ, ಮಾಲೀಕರ ರಿವ್ಯೂಗೆ ಕಳಿಸುವುದು.

ಎರಡು ತೊಡಕು ಬಂದವು. ಪುಶ್ ಆದಾಗೆಲ್ಲ ರಿವ್ಯೂ ಮಾಡಿದವರ ಒಪ್ಪಿಗೆ ಅಳಿಸಿಹೋಗುತ್ತಿತ್ತು, ಪ್ಯಾಚ್‌ನಲ್ಲಿ ಏನೂ ಬದಲಾಗದಿದ್ದರೂ. ‘ಗಿಟ್ ಪ್ಯಾಚ್-ಐಡಿ’ ಇದಕ್ಕೆ ಹೇಳಿ ಮಾಡಿಸಿದ್ದು. ಸಾಲಿನ ಸಂಖ್ಯೆ, ಖಾಲಿ ಜಾಗ ಬಿಟ್ಟು ಪ್ಯಾಚಿನ ಹ್ಯಾಶ್ ಕೊಡುತ್ತದೆ. ಹಳೆಯ ಐಡಿ, ಹೊಸ ಐಡಿ ಒಂದೇ ಆಗಿದ್ದು ಕಾನ್‌ಫ್ಲಿಕ್ಟೂ ಇಲ್ಲದಿದ್ದರೆ ಪುಶ್ ಬೇಡ. ಇನ್ನೊಂದು, ರಿವ್ಯೂ ಮಾಡುವವರು ಒಳ್ಳೆಯ ಮನಸ್ಸಿನಿಂದ ಅದೇ ಬ್ರಾಂಚಿಗೆ ತಮ್ಮ ತಿದ್ದುಪಡಿ ಹಾಕುತ್ತಿದ್ದರು, ಮುಂದಿನ ಫೋರ್ಸ್ ಪುಶ್‌ಗೆ ಅದು ಮಾಯ. ಈಗ ಬೇರೆಯವರ ಕಮಿಟ್ ಕಂಡರೆ ಸ್ಕ್ರಿಪ್ಟ್ ಆ ಬ್ರಾಂಚನ್ನು ಮುಟ್ಟದೆ ನನಗೆ ಹೇಳುತ್ತದೆ.

ಇಡೀ ಬದಲಾವಣೆಯನ್ನೇ ದೊಡ್ಡ ಭಾಷಾ ಮಾಡೆಲ್‌ಗೆ ಫೈಲಿಗೊಂದರಂತೆ ಕೊಟ್ಟರೆ ಆಗುವುದಿಲ್ಲವಾ ಎಂದು ಕೆಲವರು ಕೇಳಿದರು. ಕೆಲವು ಫೈಲ್ ಕೊಟ್ಟು ನೋಡಿದೆ. ಕೆಲಸ ಮಾಡುತ್ತದೆ, ಜೊತೆಗೆ ಕೇಳದೇ ಇದ್ದ ವೇರಿಯಬಲ್ ಹೆಸರನ್ನೂ ಚೆಂದ ಮಾಡಿ ಕೊಡುತ್ತದೆ. ಹಾಗಾದರೆ 640 ಫೈಲನ್ನೂ ಸಾಲು ಸಾಲಾಗಿ ಓದಬೇಕು. ಸ್ಕ್ರಿಪ್ಟ್ ಬರೆಯಲು ಮಾಡೆಲ್‌ನ ಸಹಾಯ ತಗೊಂಡರೆ ಓದಬೇಕಾದದ್ದು ಆ ಒಂದು ಸ್ಕ್ರಿಪ್ಟ್ ಮಾತ್ರ. ನಕಲಿ ಫಂಕ್ಷನ್‌ಗಳ ಸ್ಕ್ರಿಪ್ಟನ್ನು ಹಾಗೇ ಮಾಡಿದ್ದು.

9. ಈಗ ಎಲ್ಲಿ ನಿಂತಿದೆ

ಎಲ್ಲ ತುಂಡುಗಳೂ ಮರ್ಜ್ ಆಗಿವೆ. ಹೊಸದಾಗಿ ಯಾರಾದರೂ ಹೆಸರಿಲ್ಲದೆ ಕರೆದರೆ ಸಿಐನಲ್ಲೇ (ಪ್ರತಿ ಬದಲಾವಣೆಗೂ ತಾನಾಗಿ ಓಡುವ ಪರೀಕ್ಷೆಗಳು) ತಡೆಯುವ ಲಿಂಟ್ ನಿಯಮ (ಕೋಡ್ ಬರೆಯುವ ರೀತಿಯ ತಪಾಸಣೆ) ಇದೆ. ಅದನ್ನು ಮೊದಲ ತುಂಡಿಗಿಂತ ಮುಂಚೆಯೇ ಹಾಕಿ, ಹಳೆಯ ಕರೆಗಳಿಗೆ ವಿನಾಯಿತಿ ಪಟ್ಟಿ ಕೊಡಬೇಕು. ಇಲ್ಲದಿದ್ದರೆ ಒಂದು ಕಡೆ ಖಾಲಿ ಮಾಡಿದಂತೆ ಇನ್ನೊಂದು ಕಡೆ ತುಂಬುತ್ತಾ ಹೋಗುತ್ತದೆ.

ಕೊನೆಯ ಹೆಜ್ಜೆ ಬಾಕಿ. ‘ಫೆಚ್’ನ ಸಿಗ್ನೇಚರ್‌ನಲ್ಲಿ ಯುಆರ್‌ಎಲ್ ಆದ ಮೇಲೆ ಒಂದು ನಕ್ಷತ್ರ ಹಾಕಿದರೆ ಉಳಿದವು ಹೆಸರಿಟ್ಟೇ ಬರಬೇಕು, ಕಾವಲು ಕಾಯುವ ಕೆಲಸ ಇಂಟರ್‌ಪ್ರಿಟರ್‌ಗೆ ಹೋಗುತ್ತದೆ. ಅದನ್ನು ಇನ್ನೂ ಹಾಕಿಲ್ಲ. ಒಂದು ಪ್ಲಗಿನ್ ಲೋಡರ್ ಇದೆ, ಕಾನ್‌ಫಿಗ್ ಫೈಲಿನಿಂದ ಫಂಕ್ಷನ್ ಹೆಸರನ್ನು ಸ್ಟ್ರಿಂಗ್ ಆಗಿ ಓದಿ ‘ಗೆಟ್‌ಆ್ಯಟರ್’ನಿಂದ ಕರೆಯುತ್ತದೆ. ಗ್ರೆಪ್, ಎಎಸ್‌ಟಿ, ಲಿಬ್‌ಸಿಎಸ್‌ಟಿ ಯಾವುದಕ್ಕೂ ಅದು ಕಾಣುವುದಿಲ್ಲ. ಸದ್ಯಕ್ಕೆ ‘ಫೆಚ್’ ಹೆಸರಿಲ್ಲದ ಆರ್ಗ್ಯುಮೆಂಟನ್ನೂ ಒಪ್ಪಿಕೊಂಡು, ಕರೆದವರ ಫೈಲು ಮತ್ತು ಸಾಲನ್ನು ಲಾಗ್‌ಗೆ ಬರೆಯುತ್ತದೆ. ಪ್ರೊಡಕ್ಷನ್ ಲಾಗ್‌ನಲ್ಲಿ ಈಗಲೂ ದಿನಕ್ಕೆ ಕೆಲವು ಸಾಲು ಬರುತ್ತಿವೆ, ಎಲ್ಲವೂ ಆ ಲೋಡರ್ ಮೂಲಕವೇ. ತಿಂಗಳ ಕೊನೆಗೆ ಮಾತ್ರ ಓಡುವ ಜಾಬ್‌ಗಳೂ ಇರುವುದರಿಂದ ಅದು ಮುಗಿಯುವವರೆಗೆ ಲಾಗ್ ನೋಡುತ್ತೇನೆ. ಆಮೇಲೆ ಲೋಡರನ್ನು ಕೈಯಿಂದ ತಿದ್ದಿ ನಕ್ಷತ್ರ ಹಾಕುವುದು.